ಎಂಜಿನ್ ಬರದ ಮಾರುತ

ಭಾಗ 1

ಮೊದಲ ಫೋಟೋ ನೋಡಿ ನಗಬ್ಯಾಡ್ರಿ. ಅದು ವಿಮಾನನ. ಮೂತಿ ಮ್ಯಾಲೆತ್ತಿ, ಬಾಲ ನೆಲಕ್ಕ ಊರಿ, ನಾಯಿ ಕುಂತಂಗ ಕುಂತೈತಿ ಅಷ್ಟ. ಪ್ರದರ್ಶನಕ್ಕ ಇನ್ನ ಆರು ದಿನ ಇದ್ದಾಗ ತೆಗೆದದ್ದು. ಆವತ್ತು ಸಂಜಿಕೆ ನಾನು ಇದನ್ನ ಸಿಂಗಟಾಲೂರಿನ ಹೊಳಿಗೆ ಒಗೆದು ಬರ್ತೀನಿ ಅಂತ ಎದ್ದು ನಿಂತಿದ್ದೆ.

ನಮ್ಮ ಏತ ನೀರಾವರಿ ಬಗ್ಗೆ ಬರೆದಾಗ ನಿಮ್ಮಲ್ಲಿ ಭಾಳ ಮಂದಿ ಓದಿದ್ರಿ. ಈ ಸಲ ನೀರಲ್ಲ, ಗಾಳಿ. ಶಾಲೆ ವಸ್ತುಪ್ರದರ್ಶನಕ್ಕ ಐದು ಗುಂಪು, ಐದು ಮಾದರಿ, ಎಲ್ಲಾ ಸೇರಿ ಒಂದ ಮೇಜು. ವಿಷಯ: ಬೆಂಗಳೂರಿನಲ್ಲಿ ಹುಟ್ಟಿದ ವಿಮಾನಗಳು. ಎಚ್‌ಟಿ-2, ಪುಷ್ಪಕ್, ಕಿರಣ್, ಮಾರುತ, ತೇಜಸ್. ಚೀಟಿ ಎತ್ತಿದ್ವಿ. ತೇಜಸ್ ಬಂದವರು ಕುಣಿದ್ರು. ನಮಗ ಬಂದಿದ್ದು ಮಾರುತ, ಎಚ್‌ಎಫ್-24.

"ಮಾರುತಿ ಕಾರೇನ್ಲೇ?" ಅಂತ ಯಾರೋ ಕೇಳಿದ್ರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಯಾಕಂದ್ರ ನನಗೂ ಗೊತ್ತಿರಲಿಲ್ಲ.

ನಮ್ಮ ಗುಂಪಿನಾಗ ಮೂರು ಮಂದಿ. ಬಡಿಗೇರ ಮನಿ ಹುಡುಗ ಒಬ್ಬ, ಅವನನ್ನ ಇಲ್ಲಿ ಬಡಿಗೇರ ಅಂತನ ಕರೀತೀನಿ. ಗಣಿತದಾಗ ನೂರಕ್ಕ ನೂರು ತಗೊಳ್ಳೋ ಗೆಳತಿ ಒಬ್ಬಾಕಿ, ಆಕಿ ಲೆಕ್ಕದಾಕಿ. ಮೂರನೇದವ ನಾನು. ಫೋಟೋ ತೆಗಿಯೋದು, ಬರಿಯೋದು, ಬೈಸ್ಕೊಳ್ಳೋದು ನನ್ನ ಕೆಲಸ.

ಭಾಗ 2

ಮೊದಲ ಜಗಳ ಅಳತಿದು.

ಒಂದ ಮೇಜಿನ ಮ್ಯಾಲೆ ಐದು ವಿಮಾನ ಇಡಬೇಕಂದ್ರ ಐದೂ ಒಂದ ಪ್ರಮಾಣದಾಗ ಇರಬೇಕು. ಇಲ್ಲಾಂದ್ರ ಪುಟ್ಟ ಪುಷ್ಪಕ್ ತೇಜಸ್‌ಗಿಂತ ದೊಡ್ಡದಾಗಿ ಕಾಣ್ತೈತಿ, ನೋಡೋರಿಗೆ ಸುಳ್ಳು ಹೇಳಿದಂಗ. 1:20 ಅಂತ ಗೊತ್ತು ಮಾಡಿದ್ವಿ. ಅಂದ್ರ ನಿಜವಾದ ವಿಮಾನದ 20 ಸೆಂಟಿಮೀಟರ್ ನಮ್ಮ ಮಾದರಿಯಲ್ಲಿ 1 ಸೆಂಟಿಮೀಟರ್.

ಮಾರುತದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. 20ರಿಂದ ಭಾಗಿಸಿದರೆ 79 ಸೆಂ.ಮೀ. ಮತ್ತು 45 ಸೆಂ.ಮೀ. ಕೇಳಾಕ ಸರಳ. ಆದರೆ ಇಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೆ ನಿಜದಾಗ 10 ಸೆಂಟಿಮೀಟರ್ ತಪ್ಪಿದಂಗ. ಲೆಕ್ಕದಾಕಿ ಇದನ್ನ ದಿನಕ್ಕ ಹತ್ತು ಸಲ ಹೇಳ್ತಿದ್ಲು.

ಎಚ್‌ಟಿ-2 ಗುಂಪಿನವರು ಪಟ್ಟಿ ಹಿಡ್ಕೊಂಡು ಬಂದ್ರು. ಅವರ ವಿಮಾನದ ರೆಕ್ಕೆ 10.72 ಮೀಟರ್, ಮಾದರಿಯಲ್ಲಿ 53 ಸೆಂ.ಮೀ. ದಾಟ್ತೈತಿ. "ನಮ್ಮ ಪಂಖಾದ ವಿಮಾನದ ರೆಕ್ಕಿ ನಿಮ್ಮ ಜೆಟ್‌ಗಿಂತ ಉದ್ದ ಹೆಂಗ? ನೀವು ತಪ್ಪು ಮಾಡೀರಿ." ಯಾರೂ ತಪ್ಪು ಮಾಡಿರಲಿಲ್ಲ. ನಿಧಾನಕ್ಕೆ ಹಾರುವ ತರಬೇತಿ ವಿಮಾನವನ್ನು ಗಾಳಿ ಎತ್ತಿ ಹಿಡಿಯಬೇಕಾದರೆ ಅಗಲವಾದ ರೆಕ್ಕೆ ಬೇಕು. ಜೋರಾಗಿ ಹೋಗುವ ಜೆಟ್‌ಗೆ ಅಷ್ಟು ಬೇಡ, ಉದ್ದ ರೆಕ್ಕೆ ಅದಕ್ಕೆ ಬರೀ ಅಡ್ಡಿ. ಈ ಒಂದು ಮಾತು ಅರ್ಥ ಆಗಾಕ ನಮಗ ಎರಡು ದಿನ, ಒಂದು ಮುನಿಸು ಬೇಕಾಯ್ತು.

ಭಾಗ 3

ಸ್ವಲ್ಪ ಹಿಂದಕ್ಕ ಹೋಗೋಣ. ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಯುದ್ಧದ ಕಾಲ ಅದು. ಮುಂದೆ ಭಾರತ ಸರ್ಕಾರ ಅದನ್ನ ಕೈಗೆ ತಗೊಂಡಿತು, ಅಮೆರಿಕದ ವಾಯುಪಡೆ ಅಲ್ಲಿ ತನ್ನ ವಿಮಾನಗಳನ್ನು ರಿಪೇರಿ ಮಾಡಿಸಿತು. ನಾವೆಲ್ಲಾ ಈಗ ಎಚ್‌ಎಎಲ್ ಅನ್ನೋದು ಅದನ್ನ.

ರಿಪೇರಿ ಮಾಡೋದು ಬೇರೆ, ಹೊಸದು ಮಾಡೋದು ಬೇರೆ. ಹೊಸದು ಮಾಡಿ ತೋರಿಸಿದವರು ಡಾ. ವಿ.ಎಂ. ಘಾಟಗೆ. ಜರ್ಮನಿಯ ಗಟ್ಟಿಂಗನ್‌ನಲ್ಲಿ ಲುಡ್‌ವಿಗ್ ಪ್ರಾಂಟ್ಲ್ ಹತ್ತಿರ ಕಲಿತು ಬಂದವರು. ಅವರ ತಂಡದ ಎಚ್‌ಟಿ-2 ಮೊದಲ ಸಲ ಹಾರಿದ್ದು 1951ರ ಆಗಸ್ಟ್‌ನಲ್ಲಿ. ಸ್ವಾತಂತ್ರ್ಯ ಬಂದು ನಾಲ್ಕ ವರ್ಷ ಆಗಿತ್ತು ಅಷ್ಟ.

ಭಾಗ 4

ಎಚ್‌ಟಿ-2ರಿಂದ ಮಾರುತಕ್ಕೆ ಜಿಗಿತ ಎಷ್ಟು ದೊಡ್ಡದು ಗೊತ್ತೇನು? ಸೈಕಲ್ ಮಾಡಿದವರಿಗೆ ರೈಲಿನ ಎಂಜಿನ್ ಮಾಡ್ರಿ ಅಂದಂಗ.

1950ರ ದಶಕದ ನಡುವೆ ವಾಯುಪಡೆ ಕೇಳಿದ್ದು ಇದು: ಶಬ್ದದ ಎರಡು ಪಟ್ಟು ವೇಗ, 60,000 ಅಡಿ ಎತ್ತರ, 800 ಕಿಲೋಮೀಟರ್ ದೂರ ಹೋಗಿ ಹೋರಾಡಿ ವಾಪಸ್ ಬರೋ ಶಕ್ತಿ. ಆ ಕಾಲಕ್ಕ ದೊಡ್ಡ ದೇಶಗಳೂ ಬೆವರು ಸುರಿಸ್ತಿದ್ದ ಗುರಿ. ಇದಕ್ಕಾಗಿ ನೆಹರೂ ಸರ್ಕಾರ ಕರೆಸಿದ್ದು ಕುರ್ಟ್ ಟಾಂಕ್ ಅವರನ್ನು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಫೊಕ್-ವುಲ್ಫ್ 190 ರೂಪಿಸಿದ ಎಂಜಿನಿಯರ್ ಅವರು. ಯುದ್ಧ ಸೋತ ಮೇಲೆ ಅರ್ಜೆಂಟೀನಾಕ್ಕೆ ಹೋದರು, ಅಲ್ಲಿ ಪುಲ್ಕಿ-2 ಅನ್ನೋ ಜೆಟ್ ಮಾಡಿದರು. ಅಲ್ಲಿ ಸರ್ಕಾರ ಉರುಳಿದ ಮೇಲೆ 1956ರಲ್ಲಿ ಬೆಂಗಳೂರಿಗೆ ಬಂದರು. ಅವರ ಜೊತೆಗೆ ಜರ್ಮನ್ ಎಂಜಿನಿಯರ್‌ಗಳ ಒಂದು ತಂಡ. ಈ ಕಡೆ ಎಚ್‌ಎಎಲ್‌ನ ನಮ್ಮವರು, ಹೆಚ್ಚಿನವರಿಗೆ ಜೆಟ್ ಯುದ್ಧವಿಮಾನ ಹೊಸದು.

ನಾಜಿ ಕಾಲದ ಜರ್ಮನಿಗೆ ವಿಮಾನ ಮಾಡಿದವರನ್ನ ಕರೆಸಿದ್ದು ಸರಿಯೇನು ಅಂತ ನಮ್ಮ ಕ್ಲಾಸಿನಾಗೂ ವಾದ ಆತು. ಆ ಕಾಲದಾಗ ಅಮೆರಿಕ, ರಷ್ಯಾ ಎರಡೂ ಅಂಥವರನ್ನ ಕರ್ಕೊಂಡು ಹೋಗಿದ್ವು. ಅದು ಸರಿ ಅನ್ನೋಕೆ ಇದೊಂದ ಉತ್ತರ ಸಾಲದು, ನನಗ ಗೊತ್ತು.

ಭಾಗ 5

ಈಗ ನಮ್ಮ ಥರ್ಮಾಕೋಲ್ ಕಥಿ.

ಮಿಗ್-21, ಹಂಟರ್ ಇವುಗಳ ಪ್ಲಾಸ್ಟಿಕ್ ಕಿಟ್ ಹುಡುಕಿದರ ಸಿಗ್ತಾವ. ನಾವು ಹುಡುಕಿದಾಗ ಮಾರುತದ್ದು ಸಿಗಲಿಲ್ಲ. ಸರಿ, ನಾವ ಕೆತ್ತೋಣ ಅಂತ ಮುಂಡರಗಿಯಿಂದ ಥರ್ಮಾಕೋಲ್ ಹಾಳೆ ತಂದು, ಫೆವಿಕಾಲ್ ಹಚ್ಚಿ ಒಂದರ ಮ್ಯಾಲೊಂದು ಅಂಟಿಸಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯೋಕೆ ಕುಂತ್ವಿ. ಪಕ್ಕದಿಂದ ತೆಗೆದ ಫೋಟೋ ಒಂದನ್ನ ನೋಡಿ ನಾನು ಗೆರೆ ಎಳೆದು ಕೊಟ್ಟೆ. ಎರಡು ದಿನ ಕೆತ್ತಿದ ಮ್ಯಾಲೆ ಮ್ಯಾಲಿಂದ ತೆಗೆದ ಫೋಟೋ ಸಿಕ್ತು. ನೋಡ್ತೀವಿ, ಮಾರುತಕ್ಕ ಸೊಂಟ ಐತಿ!

ಹೌದ್ರಿ, ಸೊಂಟ. ರೆಕ್ಕೆ ಕೂಡುವಲ್ಲಿ ಮೈ ಸಣ್ಣಗಾಗ್ತೈತಿ, ಸೋಡಾ ಬಾಟಲಿ ಹಂಗ. ಶಬ್ದದ ವೇಗದ ಹತ್ತಿರ ಹೋದಾಗ ವಿಮಾನದ ಮೈ ಒಮ್ಮೆಲೇ ದಪ್ಪ ಆದರೆ ಗಾಳಿ ಭಾಳ ಅಡ್ಡ ಬರ್ತೈತಿ. ರೆಕ್ಕೆ ಶುರುವಾಗುವಲ್ಲಿ ರೆಕ್ಕೆಯ ದಪ್ಪ ಸೇರಿಕೊಳ್ಳುತ್ತದಲ್ಲ, ಅಷ್ಟನ್ನು ಮೈಯಲ್ಲಿ ಕಳೆಯಬೇಕು. 1950ರ ದಶಕದ ಆರಂಭದಲ್ಲಿ ಅಮೆರಿಕದ ರಿಚರ್ಡ್ ವಿಟ್‌ಕಾಂಬ್ ಇದನ್ನು ತೋರಿಸಿಕೊಟ್ಟರು. ಬೆಂಗಳೂರಿನ ವಿನ್ಯಾಸದಲ್ಲೂ ಅದು ಬಂತು. ನಾನು ಎಳೆದ ಗೆರೆಯಲ್ಲಿ ಮಾತ್ರ ಬರಲಿಲ್ಲ. ಎರಡು ದಿನದ ಕೆಲಸ, ಮೂರು ಹಾಳೆ ಥರ್ಮಾಕೋಲ್, ಎಲ್ಲಾ ಕಸದ ಬುಟ್ಟಿಗೆ. ಬಡಿಗೇರ ಏನೂ ಅನಲಿಲ್ಲ. ಅನ್ನದ ಇದ್ದದ್ದ ನನಗ ಜಾಸ್ತಿ ಚುಚ್ಚಿತು.

ಸಂಜೆ ಅವರ ಮನಿ ಮುಂದ ಹೋದಾಗ ಅವರಪ್ಪ ಬಾಗಲ ಚೌಕಟ್ಟು ಮಾಡಾಕ ಹತ್ತಿದ್ರು. ನಮ್ಮ ಮುಖ ನೋಡಿ, "ಯಾಕ್ರಪಾ, ಏನಾತು?" ಅಂದ್ರು. ಹೇಳಿದ್ವಿ. "ಒಮ್ಮೆಲೇ ದೊಡ್ಡದಕ್ಕ ಕೈ ಹಾಕ್ಬ್ಯಾಡ್ರೋ. ಮೊದಲ ಜೋಳದ ದಂಟಿನ ಬೆಂಡಿನಾಗ ಒಂದು ಸಣ್ಣದು ಮಾಡಿ ನೋಡ್ರಿ. ತಪ್ಪು ಅಲ್ಲೇ ಗೊತ್ತಾಗ್ತಾವ," ಅಂದ್ರು ಕಾಕಾ. ಸಣ್ಣವರಿದ್ದಾಗ ದಂಟಿನ ಬಂಡಿ ಮಾಡಿ ಆಡಿದವರು ನಾವೆಲ್ಲಾ. ಅವತ್ತ ರಾತ್ರಿ ಗೇಣುದ್ದದ ಮಾರುತ ರೆಡಿ ಆತು, ಸೊಂಟದ ಸಮೇತ.

ಈ ಭಾಗದ ಇತಿಹಾಸ ನನಗ ಭಾಳ ಇಷ್ಟ, ಯಾಕಂದ್ರ ಎಚ್‌ಎಎಲ್‌ನವರೂ ಹಂಗ ಮಾಡಿದ್ರು. ಬೆಂಡಿನಾಗ ಅಲ್ಲ, ಕಟಗಿಯಾಗ. ಸಣ್ಣದೂ ಅಲ್ಲ, ನಿಜವಾದ ಅಳತೆಯಲ್ಲಿ. ಎಂಜಿನ್ ಇಲ್ಲದ, ಎರಡು ಸೀಟಿನ, ಮರದ ಮಾರುತ! ಡಕೋಟಾ ವಿಮಾನದ ಹಿಂದ ಹಗ್ಗ ಕಟ್ಟಿ ಅದನ್ನ ಮ್ಯಾಲಕ್ಕೆ ಎಳೆದು ಒಯ್ದು, ಅಲ್ಲಿ ಬಿಟ್ಟುಬಿಡ್ತಿದ್ರು. ಪೈಲಟ್ ಅದನ್ನ ತೇಲಿಸ್ತಾ ಬಂದು ಇಳಿಸಬೇಕು. 1959ರಿಂದ ಎಪ್ಪತ್ತಕ್ಕೂ ಹೆಚ್ಚು ಸಲ ಹಾರಿಸಿದರು, ಕೊನೆಗೆ ಒಮ್ಮೆ ಇಳಿಯುವಾಗ ಪೆಟ್ಟು ತಿಂತು. ನಿಧಾನವಾಗಿ ಹಾರುವಾಗ ಈ ಆಕಾರ ಹೆಂಗ ನಡ್ಕೊಳ್ತೈತಿ, ಇಳಿಸುವಾಗ ಕೈಗೆ ಹೆಂಗ ಸಿಗ್ತೈತಿ ಅನ್ನೋದು ಲೋಹದ ವಿಮಾನ ಹಾರೋ ಮೊದಲ ಗೊತ್ತಾಗಿತ್ತು.

1961ರ ಜೂನ್ 17ರಂದು ನಿಜವಾದ ಮಾರುತ ಬೆಂಗಳೂರಿನ ಆಕಾಶಕ್ಕೆ ಏರಿತು. ಹಾರಿಸಿದವರು ಸುರಂಜನ್ ದಾಸ್.

ಭಾಗ 6

ಇಲ್ಲಿಗೆ ಎಲ್ಲಾ ಚೊಲೋ ಇತ್ತು. ಇನ್ನ ಮುಂದ ಎಂಜಿನ್ ಕಥಿ.

ಟಾಂಕ್ ಅವರ ತಂಡ ವಿಮಾನದ ಮೈಯನ್ನು ರೂಪಿಸಿದ್ದು ಒಂದು ನಿರ್ದಿಷ್ಟ ಎಂಜಿನ್ ನಂಬಿಕೊಂಡು: ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ 12. ಹಿಂದೆ ಇಂಧನ ಸುಟ್ಟು ಹೆಚ್ಚಿನ ತಳ್ಳು ಕೊಡುವ ಆಫ್ಟರ್‌ಬರ್ನರ್ ಸೇರಿದರೆ ಒಂದೊಂದು ಎಂಜಿನ್ 3,700 ಕೆಜಿಯಷ್ಟು ತಳ್ಳಬೇಕಿತ್ತು. ಆದರೆ ಆ ಎಂಜಿನ್ ಇನ್ನೂ ತಯಾರಾಗಿರಲಿಲ್ಲ. ಅದನ್ನ ಬೇಕು ಅನ್ನೋರು ಉಳಿದವರು ಯಾರೂ ಇಲ್ಲ ಅಂತಾದಾಗ, ಮುಂದುವರಿಸೋ ಖರ್ಚು ಭಾರತ ಕೊಡಬೇಕು ಅನ್ನೋ ಮಾತು ಬಂತು. ಭಾರತ ಒಪ್ಪಲಿಲ್ಲ. ಎಂಜಿನ್ ಅಲ್ಲಿಗೆ ನಿಂತಿತು.

ಉಳಿದದ್ದು ಆರ್ಫಿಯಸ್ 703. ಬೆಂಗಳೂರಿನಲ್ಲೇ ತಯಾರಾದ, ಆಫ್ಟರ್‌ಬರ್ನರ್ ಇಲ್ಲದ ಎಂಜಿನ್. ತಳ್ಳು ಸುಮಾರು 2,200 ಕೆಜಿ. ಹೋಲಿಸಿ ನೋಡ್ರಿ: 3,700 ಬೇಕಿದ್ದಲ್ಲಿ 2,200. ನಾಲ್ಕು ಎತ್ತು ಎಳೆಯೋ ಬಂಡಿಗೆ ಎರಡು ಎತ್ತು ಕಟ್ಟಿದಂಗ. ಬಂಡಿ ಓಡ್ತು, ಆದರೆ ಕೇಳಿದ ವೇಗಕ್ಕಲ್ಲ. ಶಬ್ದದ ಎರಡು ಪಟ್ಟು ಹೋಗಬೇಕಾದದ್ದು ನೇರ ಹಾರಾಟದಲ್ಲಿ ಶಬ್ದದ ವೇಗದ ಆಸುಪಾಸಿಗೆ ಬಂದು ನಿಂತಿತು.

ಬೇರೆ ಎಂಜಿನ್ ಹುಡುಕಿದರು. ಈಜಿಪ್ಟ್ ಆಗ ಎಚ್‌ಎ-300 ಅನ್ನೋ ವಿಮಾನ ಮಾಡಾಕ ಹತ್ತಿತ್ತು, ಅದರ ವಿನ್ಯಾಸಕಾರ ವಿಲ್ಲಿ ಮೆಸ್ಸರ್‌ಸ್ಮಿಟ್. ಯುದ್ಧದ ಕಾಲದಲ್ಲಿ ಟಾಂಕ್ ಅವರ ಎದುರಾಳಿ ಕಂಪನಿಯವರು! ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್‌ನರ್ ಅಲ್ಲಿ ಇ-300 ಎಂಜಿನ್ ಮಾಡ್ತಿದ್ದರು. ಆ ಎಂಜಿನ್ ಮಾರುತಕ್ಕೂ ಆಗಬಹುದು ಅಂತ ಭಾರತ ಕೈಜೋಡಿಸಿತು. ಎಚ್‌ಎ-300ನ್ನು 1964ರಲ್ಲಿ ಮೊದಲು ಹಾರಿಸಿದ್ದೇ ನಮ್ಮ ವಾಯುಪಡೆಯ ಕಪಿಲ್ ಭಾರ್ಗವ. ಒಂದು ಮಾರುತವನ್ನು ಈಜಿಪ್ಟಿಗೆ ಕಳಿಸಿ, ಒಂದು ಬದಿಗೆ ಇ-300 ಕೂಡಿಸಿ 1967ರಲ್ಲಿ ಹಾರಿಸಿಯೂ ನೋಡಿದರು. ಅದೇ ವರ್ಷ ಜೂನ್‌ನಲ್ಲಿ ಇಸ್ರೇಲ್ ಜೊತೆ ಯುದ್ಧ, ಈಜಿಪ್ಟಿಗೆ ದೊಡ್ಡ ಸೋಲು. 1969ಕ್ಕೆ ಆ ಕೆಲಸವೂ ಮುಚ್ಚಿತು.

ಮನಿಯೊಳಗ ಪ್ರಯತ್ನ ನಡದ ಇತ್ತು. ಇದ್ದ ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಕೂಡಿಸಿ ಪರೀಕ್ಷೆ ಮಾಡಿದರು. ಅಂಥ ಒಂದು ಪರೀಕ್ಷಾ ಮಾರುತ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಬಿದ್ದು ಸುರಂಜನ್ ದಾಸ್ ತೀರಿಕೊಂಡರು. ಮೊದಲ ಹಾರಾಟ ಮಾಡಿದವರೇ. ಬೆಂಗಳೂರಿನಾಗ ಇರೋ ಅಣ್ಣ-ಅಕ್ಕಂದಿರಿಗೆ ಸುರಂಜನ್ ದಾಸ್ ರಸ್ತೆ ಗೊತ್ತಿರ್ತೈತಿ, ಟ್ರಾಫಿಕ್‌ನಾಗ ನಿಂತು ಬೈದಿರ್ತೀರಿ. ಆ ಹೆಸರು ಇವರದು.

ಭಾಗ 7

ನಮ್ಮ ಮಾದರಿಗೂ ಹಿಂಭಾಗದಿಂದನ ತ್ರಾಸು ಶುರು ಆತು.

ಎರಡು ಎಂಜಿನ್ ಕೊಳವೆಗೆ ಸ್ಟೀಲಿನ ಸಣ್ಣ ಲೋಟ ಎರಡು ಕೂಡಿಸಿದ್ದೆ, ನೋಡಾಕ ಚೊಲೋ ಕಾಣ್ತೈತಿ ಅಂತ. ಥರ್ಮಾಕೋಲ್ ಹಗುರ, ಲೋಟ ಭಾರ. ಗಾಲಿ ಮ್ಯಾಲೆ ನಿಂದ್ರಿಸಿದ ಕೂಡಲೇ ಬಾಲ ಕುಸಿದು ಮೂತಿ ಎದ್ದಿತು. ಮೊದಲ ಫೋಟೋ ಅದ. ಲೆಕ್ಕದಾಕಿ ಕೈಬೆರಳ ಮ್ಯಾಲೆ ವಿಮಾನ ಇಟ್ಟು ತೂಗಿ, ಭಾರದ ನಡುಬಿಂದು ಹಿಂದಿನ ಗಾಲಿಗಿಂತ ಹಿಂದ ಹೋಗೈತಿ, ಮೂತ್ಯಾಗ ಭಾರ ಹಾಕ್ರಿ ಅಂದ್ಲು. ಮೂತಿ ಕೊರೆದು ಟ್ರ್ಯಾಕ್ಟರಿನ ಹಳೇ ನಟ್ಟು ತುಂಬಿ ಎಂ-ಸೀಲ್ ಹಚ್ಚಿದ್ವಿ. ಆರು ಸಾಲಲಿಲ್ಲ. ಒಂಬತ್ತಕ್ಕ ನಿಂತಿತು.

ಮರುದಿನ ಬಣ್ಣ. ಯಾರೋ ಸ್ಪ್ರೇ ಪೇಂಟ್ ತಂದುಕೊಟ್ರು. ಬಾಲದ ಮ್ಯಾಲೆ ಹೊಡೆದೆ. ಚುರ್ ಅಂತ ಸಪ್ಪಳ, ಕಣ್ಣ ಮುಂದ ಥರ್ಮಾಕೋಲ್ ಕರಗಿ ಬೆರಳು ಹೋಗುವಷ್ಟು ತೂತು. ಸ್ಪ್ರೇಯೊಳಗಿನ ದ್ರಾವಕ ಥರ್ಮಾಕೋಲನ್ನ ತಿಂತೈತಿ. ನೀವ್ಯಾರರ ಮಾಡೋರಿದ್ರ ನೆನಪಿಟ್ಕೋರಿ: ಮೊದಲು ಪೇಪರ್ ಚೂರು ಮತ್ತ ಫೆವಿಕಾಲಿನ ಎರಡು ಪದರ, ಅದು ಪೂರ್ತಿ ಒಣಗಿದ ಮ್ಯಾಲೆ ನೀರಿನ ಬಣ್ಣ. ಪಾಲಿಶ್ ಪೇಪರ್ ಹಚ್ಚಿ ಉಜ್ಜಿದರ ಕಟಗಿ ಹಂಗ ನುಣ್ಣಗಾಗ್ತೈತಿ. ಬಾಲವನ್ನ ಬಡಿಗೇರ ಹೊಸದಾಗಿ ಮಾಡಿದ, ಈ ಸಲ ಪ್ಲೈವುಡ್ಡಿನ ತುಂಡಿನಾಗ. ಅವಾಗೂ ಏನೂ ಅನಲಿಲ್ಲ.

ಭಾಗ 8

ಪ್ರದರ್ಶನಕ್ಕ ಎರಡು ದಿನ ಇದ್ದಾಗ ಫಲಕದ ಜಗಳ. ಎಲ್ಲಕ್ಕಿಂತ ದೊಡ್ಡ ಜಗಳ ಇದ.

ವಿಮಾನದ ಮುಂದ ಇಡೋ ಕಾರ್ಡಿನಾಗ ಏನು ಬರೀಬೇಕು? ಮೊಬೈಲ್‌ನಾಗ ಓಡಾಡೋ ಒಂದು ಸಾಲು ಲೆಕ್ಕದಾಕಿ ತಂದಿದ್ಲು: ಭಾರತದ ಮೊದಲ ಸೂಪರ್‌ಸಾನಿಕ್ ವಿಮಾನ. ಓದಿದವರು ಚಪ್ಪಾಳೆ ಹೊಡೀತಾರ. ಆದರೆ ಶಬ್ದದ ವೇಗ ದಾಟಬೇಕು ಅಂತ ಮಾಡಿದ್ದು ಬೇರೆ, ದಾಟಿತು ಅಂತ ಬರಿಯೋದು ಬೇರೆ. ನಾನು ಬ್ಯಾಡ ಅಂದೆ. "ಹಂಗಾರ ವಿಫಲ ವಿಮಾನ ಅಂತ ಬರೀ," ಅಂದ್ಲು ಸಿಟ್ಟಿಲೆ. ನಾನೂ ಸಿಟ್ಟಿಲೆ, ಹೌದು ಹಂಗ ಬರೀತೀನಿ ಅಂದೆ. ಎರಡು ದಿನ ಮಾತಿಲ್ಲ.

ನಾನು ಅಂದದ್ದೂ ಸುಳ್ಳ ಆಗ್ತಿತ್ತು. ಒಟ್ಟು 147 ಮಾರುತ ತಯಾರಾದವು, ಅದರಲ್ಲಿ 18 ಎರಡು ಸೀಟಿನವು. 1967ರಿಂದ ವಾಯುಪಡೆಯ ಸ್ಕ್ವಾಡ್ರನ್‌ಗಳಲ್ಲಿ ಕೆಲಸ ಮಾಡಿದವು. 1971ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನದ ಕಡೆಯಿಂದ ಎರಡು ವಾರದೊಳಗೆ 300ಕ್ಕೂ ಹೆಚ್ಚು ಸಲ ಹಾರಿ ಹೋರಾಡಿದವು. ನೆಲದಿಂದ ಹೊಡೆದ ಗುಂಡಿಗೆ ಕೆಲವು ಬಿದ್ದವು, ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಒಂದು ಎಂಜಿನ್ ಹೋದರೂ ಇನ್ನೊಂದರ ಮೇಲೆ ಪೈಲಟ್‌ಗಳು ವಾಪಸ್ ಬಂದದ್ದೂ ಉಂಟು. ಅಂದ್ರ ಸಾಲದ ಎಂಜಿನ್ನ ಎರಡಿದ್ದದ್ದಕ್ಕ ಜೀವ ಉಳೀತು. 1990ರ ಹೊತ್ತಿಗೆ ಎಲ್ಲಾ ನಿವೃತ್ತಿ ಆದವು. ಇಷ್ಟು ಕೆಲಸ ಮಾಡಿದ್ದಕ್ಕ ವಿಫಲ ಅಂತ ಹೆಂಗ ಬರೀಲಿ?

ಜಗಳ ಬಿಡಿಸಿದವ ಬಡಿಗೇರ. ಕಾರ್ಡು ತಾನ ಬರ್ಕೊಂಡು ಬಂದಿದ್ದ, ದೊಡ್ಡ ಅಕ್ಷರದಾಗ:

"ಎಚ್‌ಎಫ್-24 ಮಾರುತ. ಬೆಂಗಳೂರಿನಲ್ಲಿ ವಿನ್ಯಾಸ, ಬೆಂಗಳೂರಿನಲ್ಲಿ ತಯಾರಿ. ಮೊದಲ ಹಾರಾಟ 1961. ಶಬ್ದದ ಎರಡು ಪಟ್ಟು ವೇಗಕ್ಕೆಂದು ಮಾಡಿದ್ದು. ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. 1971ರ ಯುದ್ಧದಲ್ಲಿ ಹೋರಾಡಿತು."

ಲೆಕ್ಕದಾಕಿ ಓದಿ, "ಎಂಜಿನ್ ಸಿಗಲಿಲ್ಲ ಅಂತ ಬರೆದ್ರ ಮಾರ್ಕ್ಸ್ ಹೋಗ್ತಾವ," ಅಂದ್ಲು. ಆದರ ಅಳಿಸಲಿಲ್ಲ.

ಭಾಗ 9

ಒಯ್ಯುವಾಗ ಬಸ್ಸಿನಾಗ ತೊಡಿ ಮ್ಯಾಲೆ ಇಟ್ಕೊಂಡಿದ್ದೆ. ಒಂದು ಗುಂಡಿಗೆ ಎಡಗಡೆ ರೆಕ್ಕಿ ಕಿತ್ತು ಬಂತು. ಪ್ಲೈವುಡ್ಡಿನ ಬಾಲಕ್ಕ ಏನೂ ಆಗಲಿಲ್ಲ. ಪ್ರದರ್ಶನದ ಬಾಗಿಲ ತೆರೆಯೋ ಹತ್ತು ನಿಮಿಷ ಮೊದಲು ರೆಕ್ಕಿಯೊಳಗ ಎರಡು ಬಿದಿರಿನ ಕಡ್ಡಿ ಚುಚ್ಚಿ ನಿಂದ್ರಿಸಿದ್ವಿ. ಹತ್ತಿರ ಬಂದು ನೋಡಿದರ ಬಿರುಕು ಕಾಣ್ತಿತ್ತು.

ಮಂದಿ ತೇಜಸ್ ಮುಂದನ ನಿಂದರ್ತಿದ್ರು. ಸಹಜ ಬಿಡ್ರಿ. ಮಧ್ಯಾಹ್ನ ಒಬ್ಬ ಸಣ್ಣ ಹುಡುಗ, ಐದನೇತ್ತೆ ಇರಬೇಕು, ನಮ್ಮ ಕಾರ್ಡು ಜೋರಾಗಿ ಓದಿ ಕೇಳಿದ: "ಮತ್ತ ಎಂಜಿನ್ ನಾವ ಯಾಕ ಮಾಡಲಿಲ್ಲ?" ನಾನು ಬಾಯಿ ತೆರಿಯೋದ್ರೊಳಗ ಬಡಿಗೇರ ಮಾತಾಡಿದ. ಎಂಟು ದಿನದಾಗ ಅವ ಇಷ್ಟು ಮಾತಾಡಿದ್ದು ನಾ ಕೇಳಿರಲಿಲ್ಲ. ಎಂಜಿನ್ನಿನ ಒಳಗಿನ ಅಲಗು ಬೆಂಕಿಯಾಗ ತಿರಗ್ತಾವ, ಕರಗದಂಥ ಲೋಹ ಬೇಕು, ಅದನ್ನ ಮಾಡೋ ವಿದ್ಯೆ ಗೊತ್ತಿದ್ದವರು ಹೇಳಿಕೊಡೋದಿಲ್ಲ ಅಂತ. ಆಮೇಲೆ ಪಕ್ಕದ ತೇಜಸ್ ಕಡೆ ಬೆರಳು ಮಾಡಿ, "ಅದಕ್ಕೂ ಕಾವೇರಿ ಅಂತ ನಮ್ಮದ ಎಂಜಿನ್ ಮಾಡಬೇಕಂತ 1989ರಾಗ ಶುರು ಮಾಡಿದ್ರು. 2008ರಾಗ ಅದನ್ನ ತೇಜಸ್‌ನಿಂದ ಬ್ಯಾರೆ ಮಾಡಿದ್ರು. ಈಗಲೂ ಅದರಾಗ ಅಮೆರಿಕದ ಎಂಜಿನ್ ಐತಿ," ಅಂದ. ತೇಜಸ್ ಗುಂಪಿನವರು ನಮ್ಮ ಜೊತಿ ಇನ್ನೂ ಸರಿಯಾಗಿ ಮಾತಾಡವಲ್ರು.

ಬಹುಮಾನ ಬರಲಿಲ್ಲ. ನಮ್ಮ ಮಾರುತ ಈಗ ಬಡಿಗೇರನ ಮನಿ ಅಟ್ಟದ ಮ್ಯಾಲೆ ಐತಿ. ಮೂತ್ಯಾಗಿನ ಒಂದು ನಟ್ಟು ಸಡಿಲಾಗಿ, ಅಲುಗಾಡಿಸಿದರ ಗಡಗಡ ಅಂತೈತಿ.

ಎರಡನೇದು ಮಾಡಾಕ ಹತ್ತೀವಿ. ಅದಕ್ಕ ನಿಮ್ಮ ಸಹಾಯ ಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಾಗ ಒಂದು ಮಾರುತ ಐತಿ, ಎಚ್‌ಎಎಲ್ ಮ್ಯೂಸಿಯಂನಾಗೂ ಐತಿ. ಹೋದವರೆಲ್ಲಾ ಮೂತಿ ಮುಂದ ನಿಂತು ಸೆಲ್ಫಿ ತಕ್ಕೊಂಡು ಬರ್ತೀರಿ. ಈ ಸಲ ಹಿಂದಕ್ಕ ಹೋಗ್ರಿ. ಎರಡು ಎಂಜಿನ್ ಕೊಳವೆಯ ನಡುವಿನ ಭಾಗ, ಕೆಳಗಿಂದ ಒಂದು, ನೇರ ಹಿಂದಿನಿಂದ ಒಂದು ಫೋಟೋ. ಪಕ್ಕದಾಗ ಒಂದು ಸ್ಕೇಲ್ ಹಿಡಿದು ತೆಗೆದರ ಇನ್ನೂ ಚೊಲೋ, ಲೆಕ್ಕದಾಕಿ ಕೇಳ್ಯಾಳ. ಮೆಸೇಜಿಗೆ ಹಾಕ್ರಿ.

#ಮಾರುತ #ಸಿಂಗಟಾಲೂರು